ಹ್ಯಾಮ್‌ಸ್ಟರ್ ಸಾಕಣೆ: ಗೂಡು ಅಣಿಗೊಳಿಸುವುದರಿಂದ ಮುಪ್ಪಿನ ಆರೈಕೆಯವರೆಗೆ

ಹ್ಯಾಮ್‌ಸ್ಟರ್ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ರಾಣಿಯಾದ್ದರಿಂದ ಅದರ ಆರೈಕೆಯೂ ಅಷ್ಟೇ ಪುಟ್ಟ ಕೆಲಸವೆಂದು ಹೆಚ್ಚಿನವರು ಭಾವಿಸುತ್ತಾರೆ. ಒಂದು ಬಣ್ಣದ ಪಂಜರ, ಎರಡು ಹಿಡಿ ಮರದ ಹೊಟ್ಟು, ಒಂದು ಪೊಟ್ಟಣ ಕಾಳು ತಂದಿಟ್ಟರೆ ಆಯಿತು ಎಂಬ ಈ ಎಣಿಕೆಯಲ್ಲೇ ಮುಂದಿನ ಬಹುಪಾಲು ತೊಂದರೆಗಳ ಬೇರು ಇದೆ. ಹ್ಯಾಮ್‌ಸ್ಟರ್ ಮೂಲತಃ ನೆಲದೊಳಗೆ ಬಾಳುವ ಪ್ರಾಣಿ. ಹಗಲೆಲ್ಲ ಬಿಲದಲ್ಲಿ ಮಲಗಿದ್ದು, ಕತ್ತಲಾದ ಮೇಲೆ ಒಂಟಿಯಾಗಿ ಹೊರಬಂದು, ಸಿಕ್ಕಿದ ಕಾಳನ್ನು ಕೆನ್ನೆಯಲ್ಲಿ ತುಂಬಿಕೊಂಡು ಬಿಲದ ಉಗ್ರಾಣಕ್ಕೆ ಸಾಗಿಸುವುದು ಅದರ ಬದುಕಿನ ಕ್ರಮ. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರ ತಂಡವು ಸಿರಿಯಾದ ಅಲೆಪ್ಪೊ ನಗರದ ಬಳಿ ಹೊಲವೊಂದನ್ನು ಅಗೆಸಿ ಒಂದು ತಾಯಿ ಹ್ಯಾಮ್‌ಸ್ಟರನ್ನೂ ಅದರ ಮರಿಗಳನ್ನೂ ಹೊರತೆಗೆದಾಗ ಗೂಡು ಸುಮಾರು ಎರಡೂವರೆ ಮೀಟರ್ ಆಳದಲ್ಲಿತ್ತು; ಇಂದು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುತೇಕ ಎಲ್ಲವೂ ಆ ಒಂದೇ ಗೂಡಿನ ಸಂತತಿ. ಅಷ್ಟು ಆಳದಿಂದ ಬಂದ ಪ್ರಾಣಿಗೆ ನಾಲ್ಕು ಬೆರಳು ದಪ್ಪದ ಹೊಟ್ಟು ಸಾಲದು ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನ ಸೂಚನೆಗಳ ಹಿಂದಿರುವ ಕಾರಣ ಸುಲಭವಾಗಿ ತಿಳಿಯುತ್ತದೆ.

1. ತರುವ ಮೊದಲು

ಹ್ಯಾಮ್‌ಸ್ಟರಿನ ಆಯಸ್ಸು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ನಾಯಿ ಬೆಕ್ಕುಗಳಿಗೆ ಹೋಲಿಸಿದರೆ ಇದು ಅಲ್ಪಾವಧಿಯ ಹೊಣೆಯಾದರೂ, ಆ ಅವಧಿಯುದ್ದಕ್ಕೂ ಪ್ರತಿದಿನ ಸಂಜೆ ಒಬ್ಬರು ಅದಕ್ಕಾಗಿ ಸ್ವಲ್ಪ ಹೊತ್ತು ಮೀಸಲಿಡಬೇಕಾಗುತ್ತದೆ. ಮನೆಯವರೆಲ್ಲ ಮಲಗುವ ಹೊತ್ತಿಗೆ ಇದು ಎದ್ದು ಚಕ್ರ ತಿರುಗಿಸಲು ಆರಂಭಿಸುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಸದ್ದಿಗೆ ಬೇಗ ಎಚ್ಚರವಾಗುವವರು ಗೂಡನ್ನು ಮಲಗುವ ಕೋಣೆಯಲ್ಲಿ ಇಡದಿರುವುದೇ ಲೇಸು. ಚಿಕ್ಕ ಮಕ್ಕಳಿಗೆ ಉಡುಗೊರೆಯಾಗಿ ಕೊಡಲು ಹ್ಯಾಮ್‌ಸ್ಟರ್ ಸೂಕ್ತವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಗು ಆಡಲು ಬಯಸುವ ಹೊತ್ತಿನಲ್ಲಿ ಅದು ಗಾಢ ನಿದ್ರೆಯಲ್ಲಿರುತ್ತದೆ, ಎಬ್ಬಿಸಿದರೆ ಕಚ್ಚುತ್ತದೆ, ಕಚ್ಚಿದಾಗ ಬೆಚ್ಚಿದ ಮಗು ಕೈ ಕೊಡವಿದರೆ ನೆಲಕ್ಕೆ ಬಿದ್ದು ಎಲುಬು ಮುರಿದುಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರು ನೋಡಲಿ, ಆಹಾರ ಹಾಕಲಿ. ಆದರೆ ಹೊಣೆ ಹಿರಿಯರದೇ ಆಗಿರಬೇಕು.

ಆಸ್ಟ್ರೇಲಿಯಾದಲ್ಲಿ ಮತ್ತು ಅಮೆರಿಕದ ಹವಾಯಿ, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹ್ಯಾಮ್‌ಸ್ಟರ್ ಸಾಕುವುದು ಕಾನೂನುಬಾಹಿರವಾದ್ದರಿಂದ, ತಾವಿರುವ ಕಡೆಯ ನಿಯಮವನ್ನು ಮೊದಲು ವಿಚಾರಿಸಿಕೊಳ್ಳಬೇಕು. ಅದೇ ರೀತಿ ಸಣ್ಣ ಸಸ್ತನಿಗಳಿಗೆ ಚಿಕಿತ್ಸೆ ನೀಡಿ ಅನುಭವವಿರುವ ಪಶುವೈದ್ಯರು ಹತ್ತಿರದಲ್ಲಿ ಇದ್ದಾರೆಯೇ ಎಂಬುದನ್ನೂ ಪ್ರಾಣಿಯನ್ನು ತರುವ ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಇದು ಕಾಯಿಲೆ ಬಿದ್ದ ಮೇಲೆ ಹುಡುಕುವ ವಿಷಯವಲ್ಲ. ಹ್ಯಾಮ್‌ಸ್ಟರಿನ ಕೆಲವು ಕಾಯಿಲೆಗಳು ಹುಡುಕುವಷ್ಟು ಸಮಯ ಕೊಡುವುದಿಲ್ಲ.

2. ಜಾತಿಯ ಆಯ್ಕೆ

ಮೊದಲ ಬಾರಿಗೆ ಸಾಕುವವರಿಗೆ ಸಿರಿಯನ್ ಹ್ಯಾಮ್‌ಸ್ಟರ್ ಅನುಕೂಲಕರ. ಹೊಂಬಣ್ಣದ್ದೇ ಮೂಲರೂಪವಾದ್ದರಿಂದ ಇದಕ್ಕೆ ಗೋಲ್ಡನ್ ಹ್ಯಾಮ್‌ಸ್ಟರ್ ಎಂಬ ಹೆಸರೂ ಇದೆ. ಬೆಳೆದ ಮೇಲೆ ಹದಿಮೂರರಿಂದ ಹದಿನೆಂಟು ಸೆಂಟಿಮೀಟರ್ ಉದ್ದವಾಗುತ್ತದೆ, ಹೆಣ್ಣು ಗಂಡಿಗಿಂತ ತುಸು ದೊಡ್ಡದು, ನಡೆ ನಿಧಾನ, ಕೈಗೆ ಹೊಂದಿಕೊಳ್ಳುವುದೂ ಬೇಗ. ಡ್ವಾರ್ಫ್ ಎಂದು ಕರೆಯುವ ಕುಳ್ಳ ಜಾತಿಗಳಲ್ಲಿ ಕ್ಯಾಂಪ್‌ಬೆಲ್, ವಿಂಟರ್ ವೈಟ್ ಮತ್ತು ರೊಬೊರೊವ್‌ಸ್ಕಿ ಮುಖ್ಯವಾದವು. ವಿಂಟರ್ ವೈಟ್ ಹಗಲು ಚಿಕ್ಕದಾಗುವ ಕಾಲದಲ್ಲಿ ತುಪ್ಪಳವನ್ನು ಬಿಳಿಯಾಗಿಸಿಕೊಳ್ಳಬಲ್ಲದು. ರೊಬೊರೊವ್‌ಸ್ಕಿ ಎಲ್ಲಕ್ಕಿಂತ ಚಿಕ್ಕದು, ಇಪ್ಪತ್ತು ಇಪ್ಪತ್ತೈದು ಗ್ರಾಂ ತೂಗುವ ಮಿಂಚು. ನೋಡಿ ಸಂತೋಷಪಡಬಹುದೇ ಹೊರತು ಕೈಯಲ್ಲಿ ಹಿಡಿಯುವ ಆಸೆ ಇಟ್ಟುಕೊಳ್ಳಬಾರದು. ಬಾಲ ತುಸು ಉದ್ದವಿರುವ ಚೈನೀಸ್ ಹ್ಯಾಮ್‌ಸ್ಟರ್ ಬೇರೆಯೇ ಕುಲಕ್ಕೆ ಸೇರಿದ್ದರೂ ಅಂಗಡಿಗಳಲ್ಲಿ ಇವುಗಳ ಜೊತೆಯಲ್ಲೇ ಇರುತ್ತದೆ.

ಸಿರಿಯನ್ ಹ್ಯಾಮ್‌ಸ್ಟರನ್ನು ಒಂಟಿಯಾಗಿಯೇ ಸಾಕಬೇಕು. ಇದಕ್ಕೆ ವಿನಾಯಿತಿ ಇಲ್ಲ. ಒಡಹುಟ್ಟಿದ ಮರಿಗಳು ಆರೆಂಟು ವಾರದವರೆಗೆ ಒಂದರ ಮೇಲೊಂದು ಬಿದ್ದು ಮಲಗಿದ್ದರೂ ಆ ಬಳಿಕ ಅವು ಪರಸ್ಪರ ಸಾಯುವವರೆಗೆ ಕಾದಾಡಬಲ್ಲವು. ಕುಳ್ಳ ಜಾತಿಗಳಲ್ಲಿ ಕೆಲವು ಜೊತೆಯಾಗಿ ಇರುವುದುಂಟು. ಆದರೆ ತಿಂಗಳುಗಟ್ಟಲೆ ಅನ್ಯೋನ್ಯವಾಗಿದ್ದ ಜೋಡಿಯೂ ಒಂದು ರಾತ್ರಿ ಇದ್ದಕ್ಕಿದ್ದಂತೆ ಮುರಿದುಬೀಳುತ್ತದೆ. ಹೊಸಬರಿಗೆ ಒಂದೇ ಸಾಕು. ‘ಪಾಪ, ಒಂಟಿ’ ಎಂಬ ಮರುಕ ನಮ್ಮದು, ಅದರದ್ದಲ್ಲ.

ನಾನು ಮೊದಲ ಬಾರಿ ತಂದಾಗ ಮಾರಿದವರು ‘ಎರಡೂ ಹೆಣ್ಣೇ’ ಎಂದು ಭರವಸೆ ಕೊಟ್ಟಿದ್ದರು. ಮೂರನೆಯ ವಾರ ಹೊಟ್ಟಿನ ನಡುವೆ ಕಡಲೆಬೀಜದ ಗಾತ್ರದ, ತುಪ್ಪಳವಿಲ್ಲದ ಕೆಂಪು ಮರಿಗಳು ಮಿಸುಕಾಡುತ್ತಿದ್ದವು. ಸಿರಿಯನ್ ಹ್ಯಾಮ್‌ಸ್ಟರಿನ ಗರ್ಭಾವಧಿ ಸುಮಾರು ಹದಿನಾರೇ ದಿನ. ಸಂದೇಹ ಪಡುವಷ್ಟರಲ್ಲಿ ಬಾಣಂತನ ಮುಗಿದಿರುತ್ತದೆ. ಆದ್ದರಿಂದ ಕೊಳ್ಳುವಾಗಲೇ ಹೊಟ್ಟೆಯ ಕೆಳಭಾಗವನ್ನು ನೋಡಿ: ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಎರಡೂ ಅಂಟಿಕೊಂಡಂತೆ ಇರುತ್ತವೆ. ಜೊತೆಗೆ ಕಣ್ಣು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು, ಬಾಲದ ಸುತ್ತ ತೇವವಿರಬಾರದು. ಒಂದು ಮರಿಯ ಬಾಲ ಒದ್ದೆಯಾಗಿದ್ದರೂ ಆ ಪಂಜರದ ಯಾವ ಮರಿಯನ್ನೂ ತರಬೇಡಿ.

3. ಗೂಡಿನ ವಿಸ್ತೀರ್ಣ

ಗೂಡಿಗೆ ಎತ್ತರಕ್ಕಿಂತ ನೆಲದ ಹರವು ಮುಖ್ಯ. ನೂರು ಸೆಂಟಿಮೀಟರ್ ಉದ್ದ, ಐವತ್ತು ಸೆಂಟಿಮೀಟರ್ ಅಗಲದ ಒಂದೇ ಅಖಂಡ ನೆಲವನ್ನು ಕನಿಷ್ಠ ಅಳತೆಯೆಂದು ಇಟ್ಟುಕೊಳ್ಳಬೇಕು. ಎತ್ತರವೂ ಐವತ್ತು ಸೆಂಟಿಮೀಟರ್ ಇದ್ದರೆ ಹಾಸನ್ನು ದಪ್ಪವಾಗಿ ತುಂಬಲು ಅನುಕೂಲ. ಅಂಗಡಿಯ ಬಣ್ಣಬಣ್ಣದ ಪಂಜರಗಳಲ್ಲಿ ಹೆಚ್ಚಿನವು ಇದರ ಕಾಲುಭಾಗವೂ ಇರುವುದಿಲ್ಲ. ಎರಡು ಮೂರು ಅಂತಸ್ತು, ಕೊಳವೆ, ಏಣಿ ಎಲ್ಲ ಇದ್ದರೂ ಅವು ನೆಲದ ಕೊರತೆಯನ್ನು ತುಂಬಿಕೊಡುವುದಿಲ್ಲ. ಹ್ಯಾಮ್‌ಸ್ಟರಿಗೆ ಆಳದ ಅಂದಾಜು ತೀರಾ ಕಡಿಮೆಯಾಗಿದ್ದು, ಮೇಲಿನ ಅಂತಸ್ತಿನ ಅಂಚಿನಿಂದ ಅದು ಯೋಚಿಸದೆಯೇ ಹೆಜ್ಜೆ ಇಟ್ಟುಬಿಡುತ್ತದೆ.

ದೊಡ್ಡ ಮೀನಿನ ತೊಟ್ಟಿಯನ್ನು ಅಡ್ಡವಾಗಿಟ್ಟು ಮೇಲೆ ಜಾಲರಿಯ ಮುಚ್ಚಳ ಹಾಕುವುದು ಸರಳವಾದ ಉಪಾಯ. ಮರದ ಪೆಟ್ಟಿಗೆಯ ಮುಂಭಾಗಕ್ಕೆ ಗಾಜು ಅಥವಾ ಅಕ್ರಿಲಿಕ್ ಹಾಳೆ ಕೂರಿಸಿ ತಾವೇ ಮಾಡಿಕೊಳ್ಳುವುದೂ ಕಷ್ಟವಲ್ಲ. ಗಾಳಿಯಾಡಲು ಮೇಲ್ಭಾಗ ತೆರೆದಿದ್ದು ಜಾಲರಿ ಹೊಂದಿರಬೇಕು. ಸರಳುಗಳ ಪಂಜರವೇ ಆದರೆ ಸರಳುಗಳ ನಡುವಿನ ತೆರಪು ಸಿರಿಯನ್‌ಗೆ ಒಂದು ಸೆಂಟಿಮೀಟರಿಗಿಂತ, ಕುಳ್ಳ ಜಾತಿಗಳಿಗೆ ಅರ್ಧ ಸೆಂಟಿಮೀಟರಿನ ಆಸುಪಾಸಿಗಿಂತ ಹೆಚ್ಚಿರಬಾರದು. ತಲೆಬುರುಡೆ ತೂರಿದಲ್ಲಿ ಇಡೀ ದೇಹ ತೂರುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿ, ಟಿವಿಯ ಪಕ್ಕ, ಒಲೆಯ ಹತ್ತಿರ, ಫ್ಯಾನಿನ ಗಾಳಿ ಬಡಿಯುವ ಜಾಗ ಇವ್ಯಾವುವೂ ಗೂಡಿಗೆ ತಕ್ಕವಲ್ಲ. ಬೆಕ್ಕಿರುವ ಮನೆಯಲ್ಲಿ ಬಾಗಿಲು ಮುಚ್ಚಬಹುದಾದ ಕೋಣೆಯೇ ಬೇಕು. ಬೆಕ್ಕು ಮುಟ್ಟದೆ ಬರೀ ನೋಡುತ್ತ ಕುಳಿತರೂ ಅದರ ವಾಸನೆಯೇ ಹ್ಯಾಮ್‌ಸ್ಟರಿಗೆ ನಿರಂತರ ಭಯ.

4. ಹಾಸು, ಬಿಲ ಮತ್ತು ಒಳಗಿನ ಸಾಮಾನು

ಈ ಹಂತದಲ್ಲಿ ಕೈ ಬಿಗಿಹಿಡಿಯಬೇಡಿ. ಗೂಡಿನ ಅರ್ಧಭಾಗದಲ್ಲಾದರೂ ಹಾಸು ಇಪ್ಪತ್ತೈದರಿಂದ ಮೂವತ್ತು ಸೆಂಟಿಮೀಟರ್ ದಪ್ಪವಿರಬೇಕು. ಉಳಿದರ್ಧದಲ್ಲಿ ಚಕ್ರ, ಮರಳಿನ ಬಟ್ಟಲು, ನೀರು ಇಡಲು ಅನುಕೂಲವಾಗುವಂತೆ ಕಡಿಮೆ ಇದ್ದರೂ ಸರಿ. ಸ್ವಿಟ್ಜರ್‌ಲೆಂಡಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು 10, 40 ಮತ್ತು 80 ಸೆಂಟಿಮೀಟರ್ ದಪ್ಪದ ಹಾಸಿನಲ್ಲಿಟ್ಟು ಹೋಲಿಸಿದಾಗ, ಸರಳು ಕಡಿಯುವ ಚಾಳಿ 10 ಸೆಂಟಿಮೀಟರ್ ಹಾಸಿನವುಗಳಲ್ಲಿ ಹೆಚ್ಚಾಗಿ ಕಂಡಿತು. ರಾತ್ರಿಯಿಡೀ ಸರಳು ಕಚ್ಚುವ ಹ್ಯಾಮ್‌ಸ್ಟರನ್ನು ‘ತುಂಟ’ ಎಂದು ನಗುವವರು ಅದರ ಕಾಲ ಕೆಳಗಿನ ಹಾಸನ್ನು ಅಳೆದು ನೋಡುವುದು ಒಳ್ಳೆಯದು.

ಹಾಸಿಗೆ ಸುವಾಸನೆ ಬೆರೆಸದ ಕಾಗದದ ತುಣುಕು ಅಥವಾ ಆಸ್ಪೆನ್ ಮರದಿಂದ ಹೆರೆದ ತೆಳು ಸುರುಳಿಗಳು ಉತ್ತಮ. ದೇವದಾರು ಜಾತಿಯ ಮರ ಹಾಗೂ ಸಂಸ್ಕರಿಸದ ಪೈನ್ ಮರದ ಹೊಟ್ಟು ಬೇಡ. ಅವುಗಳಿಂದ ಹೊಮ್ಮುವ ಘಾಟಿನ ಅಂಶಗಳು ಶ್ವಾಸಕೋಶ ಮತ್ತು ಯಕೃತ್ತಿಗೆ ಹಾನಿಕರ. ನುಣ್ಣಗಿನ ಮರದ ಪುಡಿಯೂ ಬೇಡ, ಅದು ಮೂಗಿಗೆ ಹೋಗುತ್ತದೆ. ‘ಹ್ಯಾಮ್‌ಸ್ಟರ್ ಹಾಸಿಗೆ’ ಎಂದು ಮಾರುವ ಹತ್ತಿಯ ಉಂಡೆ ಎಲ್ಲಕ್ಕಿಂತ ಅಪಾಯಕಾರಿ: ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲುತ್ತದೆ, ನುಂಗಿದರೆ ಕರುಳು ಕಟ್ಟುತ್ತದೆ. ಬಣ್ಣ, ಪರಿಮಳ ಇಲ್ಲದ ಟಾಯ್ಲೆಟ್ ಪೇಪರನ್ನು ಉದ್ದುದ್ದ ಹರಿದು ಒಂದು ಮೂಲೆಯಲ್ಲಿ ಇಟ್ಟರೆ ಸಾಕು. ಅದು ಬಂದು, ಒಂದೊಂದು ಪಟ್ಟಿಯನ್ನೂ ಮುಂಗಾಲಿನಲ್ಲಿ ಹಿಡಿದು ಕೆನ್ನೆಯೊಳಗೆ ಮಡಿಚಿ ಮಡಿಚಿ ತುರುಕಿಕೊಂಡು, ಮುಖ ಎರಡರಷ್ಟು ಅಗಲ ಮಾಡಿಕೊಂಡು ಬಿಲಕ್ಕೆ ನುಗ್ಗುವುದನ್ನು ಒಮ್ಮೆ ನೋಡಿದವರು ಮತ್ತೆ ಹತ್ತಿ ಕೊಳ್ಳಲಾರರು.

ಹಾಸನ್ನು ಸುಮ್ಮನೆ ಸುರಿದರೆ ಬಿಲ ನಿಲ್ಲುವುದಿಲ್ಲ. ಹತ್ತು ಸೆಂಟಿಮೀಟರ್ ಹಾಕಿ ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು, ಅದರ ಮೇಲೆ ಇನ್ನೊಂದು ಪದರ ಹಾಕಿ ಮತ್ತೆ ಒತ್ತಬೇಕು. ನಡುನಡುವೆ ಸ್ವಲ್ಪ ಒಣಹುಲ್ಲು ಬೆರೆಸಿದರೆ ಸುರಂಗದ ಗೋಡೆಗೆ ನಾರಿನ ಬಲ ಬರುತ್ತದೆ. ತಳವಿಲ್ಲದ ಒಂದು ಮರದ ಗೂಡನ್ನು ಹಾಸಿನೊಳಗೆ ಅರ್ಧ ಹೂತಿಟ್ಟು, ಅದರ ಬಾಗಿಲಿಗೆ ರಟ್ಟಿನ ಕೊಳವೆಯನ್ನು ಓರೆಯಾಗಿ ಜೋಡಿಸಿದರೆ ಹ್ಯಾಮ್‌ಸ್ಟರಿಗೆ ಅಗೆಯಲು ಆರಂಭದ ಜಾಗ ಸಿಕ್ಕಂತಾಗುತ್ತದೆ. ತೂಕದ ಸಾಮಾನುಗಳನ್ನು ಮಾತ್ರ ಹಾಸಿನ ಮೇಲೆ ನೇರವಾಗಿ ಇಡಬೇಡಿ. ಅಡಿಯಲ್ಲಿ ಸುರಂಗ ತೋಡಿದಾಗ ಚಕ್ರವೋ ಕಲ್ಲೋ ಕುಸಿದು ಅದರ ಮೇಲೆಯೇ ಬೀಳಬಹುದು. ಅವುಗಳಿಗೆ ಕಾಲಿರುವ ಮಣೆ ಹಾಕಬೇಕು.

ಓಟದ ಚಕ್ರ ಆಟಿಕೆಯಲ್ಲ, ಅಗತ್ಯ ವಸ್ತು. ಇದು ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡಬಲ್ಲ ಪ್ರಾಣಿ. ಸಿರಿಯನ್‌ಗೆ 28ರಿಂದ 30 ಸೆಂಟಿಮೀಟರ್, ಕುಳ್ಳ ಜಾತಿಗಳಿಗೆ 20 ಸೆಂಟಿಮೀಟರ್ ವ್ಯಾಸವಿರಲಿ. ಓಡುವಾಗ ಬೆನ್ನು ನೇರವಾಗಿದ್ದರೆ ಚಕ್ರ ಸರಿಯಾಗಿದೆ ಎಂದರ್ಥ, ಬಿಲ್ಲಿನಂತೆ ಹಿಂದಕ್ಕೆ ಬಾಗಿದ್ದರೆ ಚಕ್ರ ಚಿಕ್ಕದು. ಓಡುವ ಮೈ ಸರಳುಗಳಿಂದಾಗಿರದೆ ಅಖಂಡವಾಗಿರಬೇಕು, ಇಲ್ಲವಾದರೆ ಕಾಲು ಸಿಲುಕಿ ಮುರಿಯುತ್ತದೆ. ಪ್ಲಾಸ್ಟಿಕ್ ಚೆಂಡಿನೊಳಗೆ ಹಾಕಿ ಕೋಣೆಯಲ್ಲೆಲ್ಲ ಉರುಳಲು ಬಿಡುವುದು ಬೇಡ. ಅದರೊಳಗೆ ಗಾಳಿ ಕಡಿಮೆ, ನಿಲ್ಲಲು ದಾರಿಯಿಲ್ಲ, ಗೋಡೆಗೆ ಬಡಿಯುವುದು ತಪ್ಪದು.

ಇನ್ನೊಂದು ಅಗಲವಾದ ಬಟ್ಟಲಿನಲ್ಲಿ ಧೂಳಿಲ್ಲದ ಸಣ್ಣ ಮರಳು ಇರಲಿ. ಹ್ಯಾಮ್‌ಸ್ಟರ್ ಅದರಲ್ಲಿ ಹೊರಳಿ ತುಪ್ಪಳದ ಜಿಡ್ಡು ತೆಗೆದುಕೊಳ್ಳುತ್ತದೆ, ಹಲವು ಸಲ ಅದನ್ನೇ ಶೌಚಕ್ಕೂ ಬಳಸುತ್ತದೆ. ಚಿಂಚಿಲಾಗಳಿಗೆಂದು ಮಾರುವ ಹಿಟ್ಟಿನಂಥ ಧೂಳು ಇದಕ್ಕೆ ಆಗದು. ನೀರಿನ ಸ್ನಾನವನ್ನಂತೂ ಎಂದಿಗೂ ಮಾಡಿಸಬಾರದು. ಮೈ ತಣ್ಣಗಾಗಿ ಜೀವಕ್ಕೇ ಎರವಾಗಬಹುದು.

5. ಮೊದಲ ವಾರ

ಗೂಡು ಪೂರ್ತಿ ಸಿದ್ಧವಾದ ಮೇಲೆಯೇ ಪ್ರಾಣಿಯನ್ನು ತನ್ನಿ. ಅದು ಮೊದಲಿದ್ದ ಜಾಗದ ಒಂದು ಹಿಡಿ ಹಾಸನ್ನೂ ಕೇಳಿ ತಂದು ಹೊಸ ಗೂಡಿನಲ್ಲಿ ಹಾಕಿದರೆ ಪರಿಚಿತ ವಾಸನೆ ಜೊತೆಗಿರುತ್ತದೆ. ಪೆಟ್ಟಿಗೆಯ ಬಾಯಿಯನ್ನು ಗೂಡಿನೊಳಗೆ ತೆರೆದಿಟ್ಟು ಅದಾಗಿಯೇ ಹೊರಬರಲು ಬಿಡಿ. ನಂತರದ ನಾಲ್ಕೈದು ದಿನ ನಿಮ್ಮ ಕೆಲಸ ಆಹಾರ ಮತ್ತು ನೀರು ಬದಲಿಸುವುದಷ್ಟೇ. ಅದು ಬಿಲದೊಳಗೆ ಸೇರಿಕೊಂಡು ಎರಡು ದಿನ ಕಣ್ಣಿಗೇ ಬೀಳದಿದ್ದರೆ ಹಾಸು ಕೆದಕಿ ನೋಡುವ ಚಪಲ ಹತ್ತಿಕ್ಕಬೇಕು. ಬಟ್ಟಲಿನ ಕಾಳು ಖಾಲಿಯಾಗುತ್ತಿದೆಯೇ, ಮರಳಿನ ಮೇಲೆ ಹೆಜ್ಜೆಗುರುತು ಇದೆಯೇ ಎಂದು ಬೆಳಗ್ಗೆ ನೋಡಿದರೆ ಸಾಕು, ಉತ್ತರ ಸಿಗುತ್ತದೆ.

6. ಆಹಾರ ಮತ್ತು ನೀರು

ಮುಖ್ಯ ಆಹಾರ ಹ್ಯಾಮ್‌ಸ್ಟರಿಗಾಗಿಯೇ ತಯಾರಿಸಿದ ಕಾಳಿನ ಮಿಶ್ರಣ ಅಥವಾ ಪೆಲೆಟ್, ಅಂದರೆ ಪುಡಿಯನ್ನು ಒತ್ತಿ ಮಾಡಿದ ಗಟ್ಟಿ ಗುಳಿಗೆ, ಆಗಿರಬೇಕು. ಪೊಟ್ಟಣದ ಹಿಂಭಾಗ ಓದಿದಾಗ ಪ್ರೋಟೀನ್ ಶೇ. 16ರಿಂದ 20, ಕೊಬ್ಬು ಶೇ. 4ರಿಂದ 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಬರೀ ಮಿಶ್ರಣ ಕೊಟ್ಟರೆ ಸೂರ್ಯಕಾಂತಿ ಬೀಜಗಳನ್ನು ಆಯ್ದು ತಿಂದು ಉಳಿದದ್ದನ್ನು ಬಿಡುತ್ತದೆ, ಬರೀ ಪೆಲೆಟ್ ಕೊಟ್ಟರೆ ಹುಡುಕಿ ಸಂಗ್ರಹಿಸುವ ಸುಖ ಇರುವುದಿಲ್ಲ. ಎರಡನ್ನೂ ಬೆರೆಸುವುದು ನನ್ನ ರೂಢಿ. ದಿನಕ್ಕೆ ಸಿರಿಯನ್‌ಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು ಹತ್ತು ಗ್ರಾಂ. ಕುಳ್ಳ ಜಾತಿಗಳಿಗೆ ಅದರ ಅರ್ಧ ಸಾಕು. ಬಟ್ಟಲಿನಲ್ಲಿ ಹಾಕುವುದಕ್ಕಿಂತ ಹಾಸಿನ ಮೇಲೆಲ್ಲ ಎರಚಿದರೆ ಅದು ಮೂಸಿ ಹುಡುಕುತ್ತ ಅರ್ಧ ರಾತ್ರಿ ಕಳೆಯುತ್ತದೆ.

ಬಟ್ಟಲು ಐದೇ ನಿಮಿಷದಲ್ಲಿ ಖಾಲಿಯಾದರೆ ‘ಹಸಿದಿತ್ತು ಪಾಪ’ ಎಂದು ಮತ್ತೆ ತುಂಬುವುದು ಎಲ್ಲರೂ ಮಾಡುವ ತಪ್ಪು. ಹೆಗಲಿನವರೆಗೂ ಚಾಚುವ ಕೆನ್ನೆಚೀಲಗಳಲ್ಲಿ ಅದು ಎಲ್ಲವನ್ನೂ ಹೊತ್ತು ಉಗ್ರಾಣ ಸೇರಿಸಿರುತ್ತದೆ. ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ‘ಹ್ಯಾಮ್‌ಸ್ಟರ್ನ್’ ಎಂಬ ಕ್ರಿಯಾಪದ ಇದೇ ಪ್ರಾಣಿಯ ಹೆಸರಿನಿಂದ ಹುಟ್ಟಿದೆ.

ಸೌತೆಕಾಯಿ, ಕ್ಯಾರೆಟ್, ಬ್ರೊಕೊಲಿಯಂಥ ತರಕಾರಿಯನ್ನು ಉಗುರಿನಷ್ಟು ತುಂಡು ಮಾಡಿ ವಾರಕ್ಕೆ ಎರಡು ಮೂರು ಸಲ ಕೊಡಬಹುದು. ತಿನ್ನದೆ ಉಳಿದದ್ದನ್ನು ಮರುದಿನ ತೆಗೆಯಬೇಕು, ಏಕೆಂದರೆ ಬಿಲದೊಳಗೆ ಸೇರಿದ ಹಸಿ ತರಕಾರಿ ಬೂಸು ಹಿಡಿಯುತ್ತದೆ. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಚೂರು ಅಥವಾ ಒಣಗಿಸಿದ ಮೀಲ್‌ವರ್ಮ್ ಹುಳು ಕೊಟ್ಟರೆ ಪ್ರೋಟೀನ್ ದೊರೆಯುತ್ತದೆ. ಬೀಜ ತೆಗೆದ ಸೇಬಿನ ಸಣ್ಣ ಚೂರು ಸಿರಿಯನ್‌ಗೆ ಅಪರೂಪಕ್ಕೆ ಆದೀತು; ಕುಳ್ಳ ಜಾತಿಗಳಿಗೆ, ವಿಶೇಷವಾಗಿ ಕ್ಯಾಂಪ್‌ಬೆಲ್‌ಗೆ, ಮಧುಮೇಹದ ಪ್ರವೃತ್ತಿ ಇರುವುದರಿಂದ ಹಣ್ಣು ಮತ್ತು ಜೇನು ಸವರಿದ ತಿನಿಸುಗಳು ಬೇಡವೇ ಬೇಡ. ಚಾಕೊಲೆಟ್, ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಕಿತ್ತಳೆಗಳು, ಹಸಿ ಆಲೂಗಡ್ಡೆ, ಬೆಣ್ಣೆಹಣ್ಣು, ಟೊಮೆಟೊ ಗಿಡದ ಎಲೆ, ಕಹಿ ಬಾದಾಮಿ ಇವು ವರ್ಜ್ಯ. ಕೆನ್ನೆಯೊಳಗೆ ಅಂಟಿಕೊಳ್ಳುವ ಜಿಗುಟು ತಿಂಡಿಯನ್ನೂ, ಚುಚ್ಚುವ ಮೊನೆಯಿರುವ ಕಾಳನ್ನೂ ಕೊಡಬಾರದು.

ಬಾಚಿಹಲ್ಲುಗಳು ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಸೇಬಿನ ಮರದಂಥ ನಿರಪಾಯ ಮರದ ಕಡ್ಡಿ, ಗಟ್ಟಿ ಪೆಲೆಟ್ ಸದಾ ಇರಬೇಕು. ಆ ಹಲ್ಲುಗಳು ಹಳದಿ ಅಥವಾ ಕಿತ್ತಳೆ ಬಣ್ಣದಲ್ಲಿರುವುದು ಸಹಜ, ಬಿಳಿಚಿಕೊಂಡರೇ ಯೋಚಿಸಬೇಕು. ನೀರಿನ ಬಾಟಲಿಯ ಕೊಳವೆಯ ತುದಿಯಲ್ಲಿರುವ ಗುಂಡು ಸಿಲುಕಿಕೊಂಡರೆ ಬಾಟಲಿ ತುಂಬಿದ್ದರೂ ಪ್ರಾಣಿ ಬಾಯಾರಿ ಸಾಯಬಹುದಾದ್ದರಿಂದ, ಪ್ರತಿದಿನ ಬೆರಳ ತುದಿಯಿಂದ ಗುಂಡನ್ನು ಒತ್ತಿ ಹನಿ ಬರುತ್ತಿದೆಯೇ ಎಂದು ನೋಡಬೇಕು. ಜೊತೆಗೆ ಆಳವಿಲ್ಲದ ಒಂದು ಪಿಂಗಾಣಿ ಬಟ್ಟಲಿನಲ್ಲೂ ನೀರಿಟ್ಟರೆ ನಿಶ್ಚಿಂತೆ.

7. ಕೈಗೆ ಒಗ್ಗಿಸುವುದು

ಹ್ಯಾಮ್‌ಸ್ಟರಿಗೆ ದೃಷ್ಟಿ ಮಂದ, ಮೂಗು ಚುರುಕು. ಮೇಲಿನಿಂದ ಇಳಿದುಬರುವ ಕೈ ಅದಕ್ಕೆ ಹದ್ದಿನ ನೆರಳು. ಹೀಗಾಗಿ ಪರಿಚಯ ವಾಸನೆಯಿಂದ ಆರಂಭವಾಗಬೇಕು. ಸಾಬೂನಿನ ಪರಿಮಳವೂ ಅಡುಗೆಯ ವಾಸನೆಯೂ ಇಲ್ಲದಂತೆ ಕೈ ತೊಳೆದು, ಸಂಜೆ ಅದು ತಾನಾಗಿ ಎದ್ದು ಓಡಾಡುವಾಗ ಅಂಗೈಯನ್ನು ಹಾಸಿನ ಮೇಲೆ ಅಂಗಾತ ಇಟ್ಟು ಸುಮ್ಮನಿರಿ. ಮೊದಲ ದಿನ ಅದು ದೂರದಿಂದ ಮೂಸಿ ಓಡುತ್ತದೆ. ಮೂರನೆಯ ದಿನವೋ ಐದನೆಯ ದಿನವೋ ಬೆರಳ ತುದಿಗೆ ಮೀಸೆ ತಾಗಿಸುತ್ತದೆ, ಅಂಗೈ ನಡುವೆ ಒಂದು ಬೀಜವಿಟ್ಟರೆ ಮೈಯನ್ನು ಉದ್ದಕ್ಕೆ ಚಾಚಿ, ಹಿಂಗಾಲು ಮಾತ್ರ ಹೊರಗೆ ಇಟ್ಟುಕೊಂಡು, ಬೀಜ ಕಸಿದು ಪರಾರಿಯಾಗುತ್ತದೆ. ನಾಲ್ಕೂ ಕಾಲು ಅಂಗೈ ಮೇಲೆ ಬಂದ ದಿನವೂ ಎತ್ತಬೇಡಿ. ಇನ್ನೆರಡು ದಿನ ಹಾಗೆಯೇ ಬಂದು ಹೋಗಲಿ. ಆ ಮೇಲೆ ಎರಡೂ ಕೈಗಳಿಂದ ಬೊಗಸೆ ಮಾಡಿ ಕೆಲವು ಅಂಗುಲ ಮಾತ್ರ ಎತ್ತಿ ಇಳಿಸಿ. ಕೈಗೆ ಬರಲು ಹೆದರುವ ಪ್ರಾಣಿಯನ್ನು ಒಂದು ಲೋಟ ಅಡ್ಡ ಹಿಡಿದು ಅದರೊಳಗೆ ನಡೆಸಿಕೊಂಡು ಸಾಗಿಸಬಹುದು.

ಕೈಯಲ್ಲಿ ಹಿಡಿದಾಗಲೆಲ್ಲ ನೆಲದ ಮೇಲೆ ಕುಳಿತಿರುವುದು ಕಡ್ಡಾಯ. ಮಲಗಿದ್ದನ್ನು ಎಬ್ಬಿಸಬಾರದು, ಕತ್ತಿನ ಚರ್ಮ ಹಿಡಿದು ಎತ್ತಬಾರದು. ಕಚ್ಚಿದರೆ ಕೈ ಕೊಡವದೆ ಮೆಲ್ಲನೆ ಗೂಡಿನೊಳಗೆ ಇಳಿಸಬೇಕು. ಬೈಯುವುದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ. ಮುಟ್ಟುವ ಮೊದಲು ಮತ್ತು ನಂತರ ಕೈ ತೊಳೆಯುವುದು ನಿಮ್ಮ ಆರೋಗ್ಯಕ್ಕೂ ಅಗತ್ಯ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮತ್ತು ಎಲ್‌ಸಿಎಂ ಎಂಬ ವೈರಾಣು ಹ್ಯಾಮ್‌ಸ್ಟರಿನಿಂದ ಮನುಷ್ಯರಿಗೆ ಹರಡಬಲ್ಲವು. ಎರಡನೆಯದು ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿಯಾದ್ದರಿಂದ ಗರ್ಭಿಣಿಯರು ಗೂಡು ಶುಚಿಗೊಳಿಸುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು.

8. ಶುಚಿತ್ವ

ಪ್ರತಿವಾರ ಇಡೀ ಗೂಡನ್ನು ತೊಳೆದು ಹೊಸ ಹಾಸು ತುಂಬುವುದು ಶ್ರದ್ಧೆಯಂತೆ ಕಂಡರೂ ಹ್ಯಾಮ್‌ಸ್ಟರಿನ ದೃಷ್ಟಿಯಲ್ಲಿ ಅದು ಮನೆ ಕೆಡವಿದಂತೆ. ಅದು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ; ಎರಡು ಮೂರು ದಿನಕ್ಕೊಮ್ಮೆ ಆ ಮೂಲೆಯ ಒದ್ದೆ ಹಾಸನ್ನಷ್ಟೇ ತೆಗೆದು, ಮರಳನ್ನು ಜರಡಿ ಹಿಡಿದರೆ ಸಾಕು. ದೊಡ್ಡ ಗೂಡಾದರೆ ಒಂದೆರಡು ತಿಂಗಳಿಗೊಮ್ಮೆ ಮೂರನೇ ಒಂದು ಭಾಗದಷ್ಟು ಹಾಸು ಬದಲಿಸಿ, ಮಲಗುವ ಗೂಡನ್ನೂ ಒಣ ಉಗ್ರಾಣವನ್ನೂ ಮುಟ್ಟದೆ ಬಿಡಬೇಕು. ಉಗ್ರಾಣ ತೆಗೆಯಲೇಬೇಕಾದರೆ ಅಷ್ಟೇ ಪ್ರಮಾಣದ ಹೊಸ ಕಾಳನ್ನು ಅದೇ ಜಾಗದಲ್ಲಿ ಇಡಿ.

9. ಆರೋಗ್ಯ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಹೊಸಬರು ಗಾಬರಿಯಾಗುವ ಕೆಲವು ಸಂಗತಿಗಳು ವಾಸ್ತವವಾಗಿ ಸಹಜವಾದವು. ಸಿರಿಯನ್ ಹ್ಯಾಮ್‌ಸ್ಟರಿನ ಎರಡೂ ಸೊಂಟದ ಬದಿಗಳಲ್ಲಿ ಕಾಣುವ ಕಪ್ಪು ಚುಕ್ಕೆಗಳು ವಾಸನಾ ಗ್ರಂಥಿಗಳು, ಗೆಡ್ಡೆಗಳಲ್ಲ. ಕುಳ್ಳ ಜಾತಿಗಳಲ್ಲಿ ಇದೇ ಗ್ರಂಥಿ ಹೊಟ್ಟೆಯ ನಡುವೆ ಇರುತ್ತದೆ. ಹೆಣ್ಣಿನಲ್ಲಿ ನಾಲ್ಕು ದಿನಕ್ಕೊಮ್ಮೆ ಬಿಳಿ ಸ್ರಾವ ಕಾಣುವುದೂ ಋತುಚಕ್ರದ ಭಾಗ. ಆದರೆ ಆ ಸ್ರಾವ ದಿನವೂ ಇದ್ದರೆ, ರಕ್ತ ಬೆರೆತಿದ್ದರೆ, ಹೊಟ್ಟೆ ಊದಿದ್ದರೆ ಗರ್ಭಕೋಶದ ಸೋಂಕಿರಬಹುದು, ವೈದ್ಯರಲ್ಲಿಗೆ ಒಯ್ಯಬೇಕು.

ನಿಜಕ್ಕೂ ಹೆದರಬೇಕಾದದ್ದು ‘ವೆಟ್ ಟೇಲ್’ ಎಂಬ ಕರುಳಿನ ರೋಗಕ್ಕೆ. ಹೆಚ್ಚಾಗಿ ಮೂರರಿಂದ ಹತ್ತು ವಾರದ ಮರಿಗಳಿಗೆ, ಜಾಗ ಬದಲಾದ ಒತ್ತಡದ ನಡುವೆ ಬರುವ ಈ ರೋಗದಲ್ಲಿ ನೀರಿನಂಥ ಭೇದಿಯಿಂದ ಬಾಲ ತೊಯ್ದು, ಪ್ರಾಣಿ ಗೂನುಬೆನ್ನಾಗಿ ಕೂತು, ಒಂದೆರಡು ದಿನದಲ್ಲೇ ಸಾಯಬಹುದು. ನಾಳೆ ನೋಡೋಣ ಎನ್ನದೆ ಅದೇ ದಿನ ಪಶುವೈದ್ಯರನ್ನು ಕಾಣಬೇಕು. ಮನೆಯಲ್ಲಿರುವ ಆ್ಯಂಟಿಬಯಾಟಿಕ್ ಮಾತ್ರೆಯ ಚೂರನ್ನು ಕೊಡುವ ಸಾಹಸ ಎಂದಿಗೂ ಬೇಡ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್‌ನಂಥ ಔಷಧಗಳು ಹ್ಯಾಮ್‌ಸ್ಟರಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಳಿಸಿ, ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಬೆಳೆಯಲು ಎಡೆಮಾಡಿಕೊಟ್ಟು ಪ್ರಾಣಕ್ಕೇ ಸಂಚಕಾರ ತರುತ್ತವೆ.

ಹ್ಯಾಮ್‌ಸ್ಟರ್ ತನ್ನ ನೋವನ್ನು ಮರೆಮಾಚುವ ಪ್ರಾಣಿ. ಹೀಗಾಗಿ ಪ್ರತಿವಾರ ಒಂದೇ ದಿನ, ಅಡುಗೆಮನೆಯ ತಕ್ಕಡಿಯಂಥ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ತೂಗಿ ಬರೆದಿಟ್ಟುಕೊಳ್ಳುವುದು ಕಣ್ಣಳತೆಗಿಂತ ನಂಬಿಕಸ್ಥ ವಿಧಾನ. ತೂಕ ಸತತವಾಗಿ ಇಳಿಯುತ್ತಿದ್ದರೆ ಬೇರೆ ಲಕ್ಷಣ ಕಾಣುವ ಮೊದಲೇ ಎಚ್ಚರವಾಗಬಹುದು. ಒಂದೇ ಕೆನ್ನೆ ಇಡೀ ದಿನ ಉಬ್ಬಿಕೊಂಡಿರುವುದು, ಉಸಿರಿನಲ್ಲಿ ಕ್ಲಿಕ್ ಎಂಬ ಸದ್ದು, ಕಣ್ಣು ಅಂಟಿಕೊಳ್ಳುವುದು, ತುಪ್ಪಳ ಉದುರಿ ಚರ್ಮ ಕೆಂಪಾಗುವುದು, ಬಾಚಿಹಲ್ಲು ಡೊಂಕಾಗಿ ಬೆಳೆಯುವುದು, ಅತಿಯಾಗಿ ನೀರು ಕುಡಿಯುವುದು ಇವೆಲ್ಲ ವೈದ್ಯರ ಬಳಿ ಹೋಗಬೇಕಾದ ಕಾರಣಗಳು.

ಕೋಣೆಯ ತಾಪಮಾನ 18ರಿಂದ 24 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಹಿತ. ಬಿಸಿ ಹೆಚ್ಚಿದಾಗ ಗೂಡಿನೊಳಗೆ ಒಂದು ಪಿಂಗಾಣಿ ಟೈಲ್ ಇಡಿ, ಬಟ್ಟೆ ಸುತ್ತಿದ ಮಂಜುಗಡ್ಡೆ ಬಾಟಲಿಯನ್ನು ಗೂಡಿನ ಹೊರಮೈಗೆ ಒರಗಿಸಿ. ಚಳಿ ತೀರಾ ಹೆಚ್ಚಿದಾಗ ಇನ್ನೊಂದು ವಿಚಿತ್ರ ನಡೆಯುತ್ತದೆ: ಹ್ಯಾಮ್‌ಸ್ಟರ್ ಜಡನಿದ್ರೆಗೆ ಜಾರುತ್ತದೆ. ಮೈ ತಣ್ಣಗೆ, ಉಸಿರು ಕಂಡೂ ಕಾಣದಷ್ಟು ವಿರಳ. ಸತ್ತಿದೆಯೆಂದು ಹೂಳಲು ಹೊರಟವರುಂಟು. ಆದ್ದರಿಂದ ಚಳಿಯ ಬೆಳಗ್ಗೆ ಹಾಗೆ ಕಂಡರೆ ಅಂಗೈ ನಡುವೆ ಹಿಡಿದು, ಬೆಚ್ಚಗಿನ ಕೋಣೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮೆಲ್ಲಮೆಲ್ಲನೆ ಬಿಸಿ ಕೊಡುತ್ತ ಮೀಸೆ ಅದುರುವುದನ್ನು ಗಮನಿಸಬೇಕು. ಎಚ್ಚೆತ್ತ ಮೇಲೆ ನೀರು ಕುಡಿಸಿ, ವೈದ್ಯರಿಗೆ ತೋರಿಸಿ, ಗೂಡನ್ನು ಬೆಚ್ಚಗಿನ ಜಾಗಕ್ಕೆ ಬದಲಿಸಬೇಕು. ಇದನ್ನು ಕರಡಿಯ ಚಳಿಗಾಲದ ನಿದ್ರೆಯಂತೆ ಭಾವಿಸಿ ಬಿಟ್ಟುಬಿಟ್ಟರೆ ಮೈಯಲ್ಲಿ ಸಾಕಷ್ಟು ಕೊಬ್ಬಿಲ್ಲದ ಸಾಕುಪ್ರಾಣಿ ಎದ್ದೇಳದಿರಬಹುದು.

10. ತಪ್ಪಿಸಿಕೊಂಡರೆ

ಒಂದಲ್ಲ ಒಂದು ದಿನ ಮುಚ್ಚಳ ಹಾಕಲು ಮರೆಯುತ್ತೀರಿ. ಆಗ ಮನೆಯ ಎಲ್ಲ ಕೋಣೆಗಳ ಬಾಗಿಲು ಮುಚ್ಚಿ, ಪ್ರತಿ ಬಾಗಿಲ ಸಂದಿಗೂ ತೆಳುವಾಗಿ ಹಿಟ್ಟು ಉದುರಿಸಿ, ಪ್ರತಿ ಕೋಣೆಯಲ್ಲೂ ಎಣಿಸಿದ ಐದೈದು ಬೀಜ ಇಟ್ಟು ದೀಪ ಆರಿಸಿ. ನಮ್ಮ ಮನೆಯಲ್ಲಿ ಬೆಳಗ್ಗೆ ನೋಡಿದಾಗ ಹಿಟ್ಟಿನ ಮೇಲೆ ಜೀರಿಗೆ ಕಾಳಿನಷ್ಟು ಸಣ್ಣ ಬೆರಳುಗಳ ಗುರುತು ಕಪಾಟಿನ ಹಿಂದಕ್ಕೆ ನೇರವಾಗಿ ಹೋಗಿತ್ತು. ಕೋಣೆ ಗೊತ್ತಾದ ಮೇಲೆ ಆಳವಾದ ಒಂದು ಬಕೆಟ್ಟಿನ ತಳದಲ್ಲಿ ದಪ್ಪಗೆ ಹಾಸು ಮತ್ತು ಅದರ ಮೇಲೆ ಸೌತೆಕಾಯಿ ಇಟ್ಟು, ಹೊರಗಡೆ ಪುಸ್ತಕಗಳನ್ನು ಮೆಟ್ಟಿಲಂತೆ ಜೋಡಿಸಿದರೆ ರಾತ್ರಿ ಹತ್ತಿಬಂದು ಒಳಗೆ ಬೀಳುತ್ತದೆ, ಮತ್ತೆ ಹತ್ತಲಾಗುವುದಿಲ್ಲ. ವಿದ್ಯುತ್ ತಂತಿಗಳನ್ನು ಮೇಲೆತ್ತಿಡುವುದನ್ನೂ ಇಲಿಬೋನು, ಇಲಿಪಾಷಾಣ ಇದ್ದರೆ ತೆಗೆಯುವುದನ್ನೂ ಮರೆಯಬೇಡಿ.

11. ಮುಪ್ಪು

ಒಂದೂವರೆ ವರ್ಷ ದಾಟಿದ ಮೇಲೆ ತುಪ್ಪಳ ತೆಳುವಾಗುತ್ತದೆ, ನಿದ್ರೆ ಹೆಚ್ಚುತ್ತದೆ, ಚಕ್ರದ ಸದ್ದು ಕಡಿಮೆಯಾಗುತ್ತದೆ. ಆಗ ಎತ್ತರದ ಮಣೆಗಳನ್ನು ತೆಗೆದು, ಇಳಿಜಾರುಗಳನ್ನು ತಗ್ಗಿಸಿ, ನೀರು ಮತ್ತು ಆಹಾರವನ್ನು ಬಿಲದ ಬಾಯಿಗೆ ಹತ್ತಿರ ತರಬೇಕು. ಗಟ್ಟಿ ಪೆಲೆಟ್ ಕಡಿಯಲಾಗದಿದ್ದರೆ ಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಡಬಹುದು. ತಿನ್ನುವುದನ್ನೇ ಬಿಟ್ಟು, ಮೈ ನೆಕ್ಕಿ ಸ್ವಚ್ಛಗೊಳಿಸಿಕೊಳ್ಳುವುದನ್ನೂ ಬಿಟ್ಟು, ಗೆಡ್ಡೆಯಿಂದಲೋ ಉಸಿರಾಟದ ಕಷ್ಟದಿಂದಲೋ ನರಳುತ್ತಿದ್ದರೆ ನೋವಿಲ್ಲದ ದಯಾಮರಣದ ಬಗ್ಗೆ ವೈದ್ಯರೊಂದಿಗೆ ಮುಕ್ತವಾಗಿ ಮಾತನಾಡುವುದು ಕ್ರೌರ್ಯವಲ್ಲ.

ಅದು ಹೋದ ನಂತರ ಗೂಡನ್ನು ಪೂರ್ತಿ ಖಾಲಿ ಮಾಡಿ, ಬಿಸಿನೀರು ಮತ್ತು ವಿನೆಗರ್‌ನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಬೇಕು. ಸೋಂಕುರೋಗದಿಂದ ಸತ್ತಿದ್ದರೆ ಮರದ ಸಾಮಾನುಗಳನ್ನು ಮತ್ತೊಂದು ಹ್ಯಾಮ್‌ಸ್ಟರಿಗೆ ಬಳಸದೆ ಎಸೆಯಬೇಕು, ಗಾಜಿನ ತೊಟ್ಟಿಗೆ ಯಾವ ಸೋಂಕುನಿವಾರಕ ಎಂದು ವೈದ್ಯರನ್ನು ಕೇಳಬೇಕು. ಹಾಸನ್ನು ಒಮ್ಮೆಲೇ ಸುರಿಯದೆ ಮೇಲಿನಿಂದ ಪದರ ಪದರವಾಗಿ ತೆಗೆದರೆ ಇಷ್ಟು ದಿನ ಕಾಣದಿದ್ದ ಬಿಲದ ನಕ್ಷೆ ಕಾಣುತ್ತದೆ: ಒಂದು ಮಲಗುವ ಕೋಣೆ, ದೂರದಲ್ಲಿ ಒಂದು ಶೌಚದ ಮೂಲೆ, ತಳದಲ್ಲಿ ಗಾಜಿಗೆ ಒತ್ತಿಕೊಂಡಂತೆ ಒಂದು ಹಿಡಿ ಸೂರ್ಯಕಾಂತಿ ಬೀಜ, ಒಂದಕ್ಕೂ ಬೂಸು ಹಿಡಿದಿಲ್ಲ.